ವಿತಿ ಲೇವುವಿನ ತಿಂಗಳುಗಳು

ಫಿಜಿಯ ಸುವಾ ನಗರದಲ್ಲಿ ಜುಲೈ ತಿಂಗಳ ಒಂದು ಬೆಳಗು. ಬಸ್ ನಿಲ್ದಾಣದ ಮಗ್ಗುಲಲ್ಲೇ ದೊಡ್ಡ ಮಾರುಕಟ್ಟೆ. ಕೆಸುವಿನ ಗಡ್ಡೆಗಳನ್ನು ದಂಟುಸಮೇತ ಕಟ್ಟು ಕಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರ ಮೇಲೆ ಸಣ್ಣ ಹನಿ ಉದುರುತ್ತಿದೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಆಕಾಶ ಬೂದಿಬಣ್ಣಕ್ಕಿದೆ, ಕೊಲ್ಲಿಯ ಆಚೆಗಿನ ಬೆಟ್ಟಗಳು ಅರ್ಧಕ್ಕೇ ನಿಂತುಹೋಗಿವೆ, ಮೇಲಿನರ್ಧವನ್ನು ಮೋಡ ತಿಂದುಬಿಟ್ಟಿದೆ. ಊರೂರಿಗೆ ನಿಂತು ಹೋಗುವ ಬಸ್ಸಿನ ಕಿಟಕಿಗಳಿಗೆ ಗಾಜಿಲ್ಲ. ಗಾಜಿನ ಜಾಗದಲ್ಲಿ ಸುರುಳಿ ಸುತ್ತಿದ ಟಾರ್ಪಾಲು. ಹನಿ ಜೋರಾದರೆ ಕಿಟಕಿ ಪಕ್ಕದವರು ಗಂಟು ಬಿಚ್ಚಿ ಇಳಿಬಿಡುತ್ತಾರೆ, ನಿಂತರೆ ಮತ್ತೆ ಸುತ್ತಿ ಮೇಲೆ ಕಟ್ಟುತ್ತಾರೆ. ಸುವಾದಿಂದ ಹೊರಟ ಮೊದಲ ಒಂದು ಗಂಟೆಯಲ್ಲಿ ಈ ಕೆಲಸ ನಾಲ್ಕೈದು ಸಲ ಆಗುವುದುಂಟು.

ಬಸ್ಸು ದಕ್ಷಿಣ ಕರಾವಳಿ ಹಿಡಿದು ಪಶ್ಚಿಮಕ್ಕೆ ಸಾಗುತ್ತದೆ. ನಾವುವಾ ನದಿಯ ಬಯಲಿನಲ್ಲಿ ನೀರು ನಿಂತ ಗದ್ದೆ, ಹಸುರು ಹುಲ್ಲು, ಕಾಂಡ್ಲಾ ಗಿಡಗಳ ಬುಡದಲ್ಲಿ ಕಪ್ಪು ಕೆಸರು. ಅಲ್ಲಿಂದ ಮುಂದೆ ಒಂದು ಪಕ್ಕ ಹವಳದ ದಿಬ್ಬಕ್ಕೆ ಬಡಿದು ಬೆಳ್ಳಗಾಗುವ ಅಲೆ, ಇನ್ನೊಂದು ಪಕ್ಕ ತೆಂಗು, ಬಾಳೆ, ದೀವಿಹಲಸು. ಟಾರ್ಪಾಲನ್ನು ಕಡೆಯ ಸಲ ಯಾವಾಗ ಮೇಲೆ ಕಟ್ಟಿದರೆಂದು ಯಾರಿಗೂ ನೆನಪಿರುವುದಿಲ್ಲ. ಸಿಂಗತೋಕ ಊರಿನ ಮರಳು ದಿಬ್ಬಗಳು ಕಾಣುವ ಹೊತ್ತಿಗೆ ಮಣ್ಣು ಕೆಂಪಾಗಿದೆ, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದೆ, ರಸ್ತೆಯಂಚಿನ ಧೂಳು ಮೂಗಿಗೆ ಅಡರುತ್ತದೆ. ನಾಂದಿ ತಲುಪಿದಾಗ ಆಕಾಶ ತೊಳೆದಿಟ್ಟ ನೀಲಿ. ಸುವಾದಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು 190 ಕಿಲೋಮೀಟರ್, ನಾಲ್ಕು ಗಂಟೆಯ ಪ್ರಯಾಣ. ಒಂದೇ ದ್ವೀಪ, ಒಂದೇ ದಿನ. ಈಗ ಯಾರಾದರೂ ಫಿಜಿಯ ಜುಲೈ ಹೇಗಿರುತ್ತದೆ ಎಂದು ಕೇಳಿದರೆ ಬಸ್ಸಿನಲ್ಲಿ ಬಂದವನು ಯಾವ ತುದಿಯಿಂದ ಉತ್ತರ ಹೇಳಬೇಕು?

ಊರಿನ ಹೆಸರನ್ನು ಬರೆಯುವುದು ನದಿಯೆಂದು, ಕರೆಯುವುದು ನಾಂದಿಯೆಂದು. ಫಿಜಿ ಭಾಷೆಯ ಬರವಣಿಗೆಯಲ್ಲಿ ಕಾಣದ ಅನುಸ್ವಾರ ಬಾಯಲ್ಲಿ ಬರುತ್ತದೆ. ವಿಮಾನದಲ್ಲಿ ಬರುವವರಿಗೆ ಈ ದ್ವೀಪರಾಷ್ಟ್ರ ತೆರೆದುಕೊಳ್ಳುವುದು ಇಲ್ಲಿಂದಲೇ ಆದ್ದರಿಂದ ಕನ್ನಡದ ಕಿವಿಗೆ ಆ ಹೆಸರು ಬಹಳ ಒಪ್ಪುತ್ತದೆ.

ಒಂದು ದ್ವೀಪಕ್ಕೆ ಎರಡು ಹವೆ ತಂದಿಟ್ಟಿರುವುದು ನಡುವಿನ ಬೆಟ್ಟ. ವಿತಿ ಲೇವು ಎಂದರೆ ದೊಡ್ಡ ವಿತಿ. ಫಿಜಿಯ ಮುನ್ನೂರಕ್ಕೂ ಹೆಚ್ಚು ದ್ವೀಪಗಳಲ್ಲಿ ಇದೇ ದೊಡ್ಡದು. ಆದರೂ ಮೂಡಣದಿಂದ ಪಡುವಣಕ್ಕೆ 150 ಕಿಲೋಮೀಟರ್ ಇಲ್ಲ. ಅದರ ಒಡಲಿನಲ್ಲಿ ಉತ್ತರ ದಕ್ಷಿಣವಾಗಿ ಬೆಟ್ಟಗಳ ಸಾಲು ಎದ್ದಿದೆ. ಅದರಲ್ಲಿ ಎತ್ತರದ ತೊಮನಿವಿ ಶಿಖರ 1,300 ಮೀಟರಿಗೂ ಮಿಕ್ಕಿದ್ದು. ವರ್ಷದ ಬಹುಪಾಲು ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ ಸಾವಿರಾರು ಮೈಲಿ ಕಡಲಿನ ತೇವ ಹೊತ್ತು ಬಂದು ಈ ಬೆಟ್ಟಗಳಿಗೆ ಎದುರಾಗುತ್ತದೆ. ಏರಲೇಬೇಕು, ಏರಿದರೆ ತಣಿಯಲೇಬೇಕು, ತಣಿದರೆ ಸುರಿಯಲೇಬೇಕು. ಸುವಾ ಆ ಸುರಿತದ ಕೆಳಗೆ ಕೂತ ಊರು. ಬೆಟ್ಟ ದಾಟಿ ಆಚೆಗಿಳಿಯುವ ಗಾಳಿ ಬರಿಗೈಯಲ್ಲಿ ನಾಂದಿಗೆ, ಲೌಟೋಕಕ್ಕೆ, ಬಾ ಊರಿಗೆ ಹೋಗುತ್ತದೆ. ಆಗುಂಬೆಯನ್ನೂ ಚಿತ್ರದುರ್ಗವನ್ನೂ ಬೇರೆಬೇರೆ ಮಾಡಿರುವ ಸೂತ್ರವೇ ಇದು. ನಮ್ಮಲ್ಲಿ ಗಾಳಿ ನೈಋತ್ಯದಿಂದ ಬರುತ್ತದೆ, ಅಲ್ಲಿ ಆಗ್ನೇಯದಿಂದ.

ಅಂಕಿಗಳಲ್ಲಿ ನೋಡಿದರೆ ಸುವಾಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ನಾಂದಿಗೆ 1,900ರ ಆಸುಪಾಸು. ಜುಲೈ ಒಂದನ್ನೇ ತೆಗೆದುಕೊಂಡರೆ ಸುವಾದಲ್ಲಿ 140, ನಾಂದಿಯಲ್ಲಿ 50ರ ಹತ್ತಿರ. ನಡುವಿನ ಮೊನಸಾವು ಪ್ರಸ್ಥಭೂಮಿಯಲ್ಲಿ ವರ್ಷದ ಮಳೆ 5,000 ಮಿಲಿಮೀಟರ್ ದಾಟುತ್ತದೆ. ದ್ವೀಪದ ದೀಪಗಳು ಉರಿಯುವುದು ಬಹುಮಟ್ಟಿಗೆ ಆ ನೀರಿನಿಂದ. ಬಿಸಿಲಿನ ಲೆಕ್ಕದಲ್ಲಿ ಮಾತ್ರ ವರ್ಷವಿಡೀ ದೊಡ್ಡ ಏರಿಳಿತವಿಲ್ಲ. ತಣ್ಣನೆಯ ಜುಲೈ, ಆಗಸ್ಟಿನಲ್ಲಿ ಸುವಾದ ಹಗಲು 26 ಡಿಗ್ರಿ, ರಾತ್ರಿ 20. ಬಿಸಿಯ ಫೆಬ್ರವರಿಯಲ್ಲಿ ಹಗಲು 31. ಸುತ್ತಲೂ ಕಡಲು ಅಷ್ಟು ದೊಡ್ಡದಿರುವಾಗ ಬಿಸಿಯೂ ಚಳಿಯೂ ಎಲ್ಲೆ ಮೀರುವುದಿಲ್ಲ. ಆದ್ದರಿಂದ ಇಲ್ಲಿ ತಿಂಗಳಿನಿಂದ ತಿಂಗಳನ್ನು ಬೇರ್ಪಡಿಸುವುದು ಬಿಸಿಲಲ್ಲ, ಮಳೆ ಮತ್ತು ಗಾಳಿ. ಅಷ್ಟೇ ಮುಖ್ಯವಾಗಿ, ಮಣ್ಣಿನೊಳಗೆ ಬೆಳೆಯುವ ಒಂದು ಗೆಡ್ಡೆ.

ಆ ಗೆಡ್ಡೆಯ ವಿಷಯಕ್ಕೆ ಬರುವ ಮೊದಲು ಒಂದು ಶಬ್ದದ ಮಾತು. ಫಿಜಿ ಭಾಷೆಯಲ್ಲಿ ವುಲ ಎಂದರೆ ಚಂದ್ರ. ವುಲ ಎಂದರೆ ತಿಂಗಳೂ ಹೌದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಬೆಳಕಿನಲ್ಲಿ ಕೂತು ಕಳೆದ ತಿಂಗಳ ಮಾತಾಡುವ ಜನ ನಾವು. ಅವರ ಹಳೆಯ ಪಂಚಾಂಗದಲ್ಲಿ ಒಂದೊಂದು ವುಲಕ್ಕೂ ಹೆಸರು ಬಂದದ್ದು ಆ ಚಂದ್ರ ಇರುವಾಗ ನೆಲದಲ್ಲೋ ಕಡಲಲ್ಲೋ ಏನು ನಡೆಯುತ್ತದೆ ಎಂಬುದರಿಂದ. ನಮ್ಮ ರೈತ ಮಳೆಗೆ ಆರಿದ್ರಾ, ಪುಷ್ಯ ಎಂದು ನಕ್ಷತ್ರದ ಹೆಸರಿಟ್ಟ. ಫಿಜಿಯ ರೈತ ಚಂದ್ರನಿಗೆ ತನ್ನ ಕೈಗೆಲಸದ ಹೆಸರಿಟ್ಟ.

ಜೂನ್ ತಿಂಗಳು ವುಲ ಇ ವೆರೆವೆರೆ, ಕಳೆ ಕಿತ್ತು ನೆಲ ಹಸನು ಮಾಡುವ ತಿಂಗಳು. ಜುಲೈ ವುಲ ಇ ದುಕಿದುಕಿ, ಆ ಗೆಡ್ಡೆಗೆ, ಅಂದರೆ ಹೆಗ್ಗೆಣಸಿಗೆ, ನೆಲ ಅಗೆಯುವ ತಿಂಗಳು. ಆಗಸ್ಟಿನದು ಜೊಂಡು ಹೂಬಿಡುವ ತಿಂಗಳು. ಸೆಪ್ಟೆಂಬರ್ ವುಲ ಇ ವವಕಂದ, ಬಳ್ಳಿಗೆ ಊರುಗೋಲು ನೆಡುವ ತಿಂಗಳು. ಈ ನಾಲ್ಕು ತಿಂಗಳ ಹವೆಯನ್ನು ಈ ಹೆಸರುಗಳಿಗಿಂತ ಚೆನ್ನಾಗಿ ನಾನು ಹೇಳಲಾರೆ. ನೆಲ ಹಸನು ಮಾಡುವುದಕ್ಕೆ ಮಳೆ ಹಿಂದೆ ಸರಿದಿರಬೇಕು. ಅಗೆಯುವುದಕ್ಕೆ ಮಣ್ಣು ಗುದ್ದಲಿಗೆ ಮೆತ್ತದಷ್ಟು ಆರಿರಬೇಕು. ಹಗಲೆಲ್ಲ ಬಾಗಿ ದುಡಿಯುವ ಬೆನ್ನಿಗೆ ಬಿಸಿಲು ಚುರುಕಾಗಿರಬಾರದು. ಆಗ್ನೇಯದ ಗಾಳಿ ದಿನವಿಡೀ ಬಿಡದೆ ಬೀಸುತ್ತಿರಬೇಕು. ಇವೆಲ್ಲ ಕೂಡಿ ಬರುವ ಕಾಲವೇ ಜೂನಿನಿಂದ ಸೆಪ್ಟೆಂಬರ್. ಗೆಣಸಿನ ತುಂಡನ್ನು ಗುಡ್ಡೆ ಮಾಡಿದ ಸಡಿಲ ಮಣ್ಣಿನಲ್ಲಿ ಇಡುವಾಗ ಎದುರಿಗೆ ಬರುವ ಮಳೆಗಾಲ ಅದರ ಪಾಲಿಗೆ ಹೊಟ್ಟೆ ತುಂಬುವ ಕಾಲ.

ಇದೇ ಹೊತ್ತಿನಲ್ಲಿ ಬೆಟ್ಟದ ಆಚೆ, ಒಣ ಪಶ್ಚಿಮದಲ್ಲಿ, ಕಬ್ಬಿನ ಕಟಾವು. ಕಬ್ಬಿನ ರಸಕ್ಕೆ ಸಿಹಿ ಕೂಡಬೇಕಾದರೆ ಕಡೆಯ ತಿಂಗಳುಗಳಲ್ಲಿ ನೀರು ಕಡಿಮೆಯಾಗಬೇಕು, ರಾತ್ರಿ ತಂಪಾಗಬೇಕು. ನಾಂದಿಯ ಜುಲೈ ರಾತ್ರಿ 18 ಡಿಗ್ರಿಗೆ ಇಳಿಯುತ್ತದೆ. ಬೆಟ್ಟ ಮಳೆಯನ್ನು ತಡೆದಿರುತ್ತದೆ. ಸಕ್ಕರೆ ಕಾರ್ಖಾನೆಗಳು ಸುವಾದ ಬಳಿ ಇರದೆ ಲೌಟೋಕದಲ್ಲಿ, ಬಾದಲ್ಲಿ, ವನುವ ಲೇವು ದ್ವೀಪದ ಲಂಬಾಸದಲ್ಲಿ ನಿಂತಿರುವುದರ ಹಿಂದೆ ಈ ಒಣ ಗಾಳಿಯ ಕೈಯಿದೆ. ಜೂನ್ ಬಂತೆಂದರೆ ಹೊಲದಲ್ಲಿ ಕಟಾವಿನ ಗುಂಪುಗಳು, ಕಿರುಹಳಿಯ ಮೇಲೆ ಕಬ್ಬು ತುಂಬಿದ ಪುಟ್ಟ ರೈಲು, ಸಂಜೆ ಗರಿಗೆ ಹಚ್ಚಿದ ಬೆಂಕಿಯ ಕಪ್ಪು ಮಸಿ ಒಗೆದು ಹಾಕಿದ ಬಟ್ಟೆಯ ಮೇಲೆ. ಪಶ್ಚಿಮದ ಆ ಬೋಳು ಹುಲ್ಲುಗುಡ್ಡಗಳನ್ನು ಫಿಜಿಯವರು ತಲಾಸಿಂಗ ಎನ್ನುತ್ತಾರೆ. ಬಿಸಿಲು ಸುಟ್ಟ ನೆಲ ಎಂದರ್ಥ.

ಈ ಕಬ್ಬಿಗಾಗಿಯೇ ಭಾರತದ ಜನ ಇಲ್ಲಿಗೆ ಬಂದದ್ದು. ಲಿಯೊನಿಡಾಸ್ ಎಂಬ ಹಡಗು ಗಿರ್ಮಿಟ್ ಎಂಬ ಕರಾರಿನ ಮೊದಲ ಕೂಲಿಗಳನ್ನು ಹೊತ್ತು ಬಂದು ಸೇರಿದ್ದು 1879ರ ಮೇ 14ರಂದು. 1916ರವರೆಗೆ ಹೀಗೆ ಬಂದವರು 60,000ಕ್ಕೂ ಹೆಚ್ಚು. ಗಂಗೆಯ ಬಯಲಿನಿಂದ ಹೊರಟವರಿಗೆ ಮೇ ಎಂದರೆ ಲೂ ಎಂಬ ಬಿಸಿಗಾಳಿ, ಬಿರಿದ ನೆಲ. ಇಲ್ಲಿ ಇಳಿದಾಗ ಅದೇ ಮೇ ತಿಂಗಳು ತಂಪಿನ ಬಾಗಿಲು. 1903ರಿಂದ ಮದರಾಸಿನಲ್ಲಿ ಹಡಗು ಹತ್ತಿ ಬಂದ ದಕ್ಷಿಣದವರಿಗೂ ಅಷ್ಟೆ, ಪಂಚಾಂಗ ತಲೆಕೆಳಗಾಯಿತು. ಒಣಗಿದ ಎಲೆ ಕಾಲಡಿ ಸದ್ದು ಮಾಡುವ ಕಾಲದ ಹೋಳಿ ಇಲ್ಲಿ ಧೋ ಎಂದು ಸುರಿವ ಮಾರ್ಚಿಗೆ ಬಂತು. ಚಳಿಗೆ ಮುನ್ನುಡಿಯಾಗಿದ್ದ ದೀಪಾವಳಿ ಸೆಕೆಗೆ ಮುನ್ನುಡಿಯಾಯಿತು. ಹಬ್ಬವನ್ನು ಅವರು ಬಿಡಲಿಲ್ಲ. ಹಬ್ಬದ ಸುತ್ತಲಿನ ಗಾಳಿ, ವಾಸನೆ, ಹಣ್ಣು ಎಲ್ಲವೂ ಬೇರೆಯಾದ ಮೇಲೂ ಅದನ್ನು ಹಿಡಿದುಕೊಂಡು ಬದುಕಿದರು. ಹೊಲದಲ್ಲಿ ಅವರು ಉಂಡ ಕಷ್ಟ ಬೇರೆಯೇ ದೊಡ್ಡ ಕಥೆ. ಆದರೆ ಋತುಗಳನ್ನೇ ಕಳೆದುಕೊಳ್ಳುವುದೂ ಒಂದು ದೇಶಾಂತರ ಎಂದು ನನಗೆ ಮತ್ತೆ ಮತ್ತೆ ಅನಿಸಿದೆ.

ಅಕ್ಟೋಬರ್ ಬಂದಾಗ ಗಾಳಿಯ ಬಿಗಿ ಸಡಿಲುತ್ತದೆ. ಮಧ್ಯಾಹ್ನ ಎಲೆ ಅಲುಗದ ಹೊತ್ತುಗಳು ಶುರುವಾಗುತ್ತವೆ. ಈ ತಿಂಗಳ ಹೆಸರು ನೆಲದಿಂದ ಎದ್ದು ಕಡಲಿಗೆ ಹೋಗುತ್ತದೆ. ಅಕ್ಟೋಬರ್ ವುಲ ಇ ಬಲೋಲೋ ಲೈಲೈ, ಸಣ್ಣ ಬಲೋಲೋ. ನವೆಂಬರ್ ವುಲ ಇ ಬಲೋಲೋ ಲೇವು, ದೊಡ್ಡ ಬಲೋಲೋ.

ಬಲೋಲೋ ಎಂಬುದು ಹವಳದ ದಿಬ್ಬದ ಸಂದುಗಳಲ್ಲಿ ಬಾಳುವ ಹುಳು. ವರ್ಷವೆಲ್ಲ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಎರಡು ತಿಂಗಳುಗಳಲ್ಲಿ, ಹುಣ್ಣಿಮೆ ಕಳೆದು ಚಂದ್ರ ಅರ್ಧಕ್ಕೆ ಕರಗಿದ ದಿನಗಳಲ್ಲಿ, ಬೆಳಕು ಹರಿಯುವ ಮುಂಚೆ, ಹುಳುವಿನ ಹಿಂಭಾಗ ತತ್ತಿಯನ್ನೋ ವೀರ್ಯವನ್ನೋ ತುಂಬಿಕೊಂಡು ಕಳಚಿ ನೀರಿನ ಮೇಲಕ್ಕೆ ಏಳುತ್ತದೆ. ತಲೆಭಾಗ ಹವಳದಲ್ಲೇ ಉಳಿದು ಮತ್ತೆ ಬೆಳೆಯುತ್ತದೆ. ಒಂದಲ್ಲ ಎರಡಲ್ಲ, ಎಣಿಕೆಗೆ ಸಿಗದಷ್ಟು. ಹಸುರು, ಕಂದು ಎಳೆಗಳು ಹೆಣೆದುಕೊಂಡು ಕಡಲಿನ ಮೇಲ್ಮೈ ಶಾವಿಗೆ ಚೆಲ್ಲಿದಂತೆ ಕಾಣುತ್ತದೆ. ಆ ದಿನವನ್ನು ಎಣಿಸಿಕೊಂಡು ಕೂತ ಹಳ್ಳಿಯವರು ಕತ್ತಲಲ್ಲೇ ದೋಣಿಗಳಲ್ಲಿ ಲಾಟೀನು, ಬಲೆ, ಬಕೆಟ್ಟು ಹಿಡಿದು ದಿಬ್ಬಕ್ಕೆ ಬಂದಿರುತ್ತಾರೆ. ಸೊಂಟದ ನೀರಿನಲ್ಲಿ ನಿಂತ ಹೆಂಗಸರು, ಕೂಗಾಡುವ ಮಕ್ಕಳು, ಬಲೆಯಿಂದ ಜಾರುವ ನುಣುಪು ಎಳೆಗಳು. ಸೂರ್ಯ ಮೇಲೇರುತ್ತಿದ್ದಂತೆ ಎಲ್ಲ ಕರಗಿ ನೀರು ಹಾಲುಹಾಲಾಗುತ್ತದೆ. ಹಿಡಿದದ್ದು ಮನೆಗೆ, ಬಂಧುಗಳಿಗೆ, ಒಳನಾಡಿನ ನೆಂಟರಿಗೆ. ಹುರಿದೋ ತೆಂಗಿನ ಹಾಲಿನಲ್ಲಿ ಬೇಯಿಸಿಯೋ ತಿನ್ನುತ್ತಾರೆ. ಯಾವ ಗಡಿಯಾರವೂ ಇಲ್ಲದ ಹುಳು ಚಂದ್ರನನ್ನು ಓದಿಕೊಂಡು ಏಳುತ್ತದೆ, ಅದೇ ಚಂದ್ರನನ್ನು ಓದಿಕೊಂಡು ಮನುಷ್ಯ ದೋಣಿ ಇಳಿಸುತ್ತಾನೆ. ಈ ಒಂದು ಮುಂಜಾವಕ್ಕಾಗಿಯಾದರೂ ಹಳೆಯ ಪಂಚಾಂಗ ಉಳಿಯಬೇಕೆಂದು ನನ್ನ ಆಸೆ.

ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ, ಸೆಕೆಗಾಲ, ಚಂಡಮಾರುತದ ಕಾಲ. ಮೂರೂ ಒಂದೇ. ದಕ್ಷಿಣ ಪೆಸಿಫಿಕ್ಕಿನಲ್ಲಿ ಎರಡು ಗಾಳಿಗಳು ಕೂಡುವ ಉದ್ದನೆಯ ಮೋಡದ ಪಟ್ಟಿಯೊಂದಿದೆ. ತಂಪುಗಾಲದಲ್ಲಿ ಅದು ಈಶಾನ್ಯಕ್ಕೆ ಸರಿದಿರುತ್ತದೆ, ಈಗ ಫಿಜಿಯ ಮೇಲಕ್ಕೇ ಬಂದು ಒರಗುತ್ತದೆ. ಆಗ ಬೆಟ್ಟದ ಪಕ್ಷಪಾತ ಮುಗಿಯಿತು. ಜುಲೈನಲ್ಲಿ ಅಪರೂಪಕ್ಕೆ ಹನಿ ಕಾಣುವ ನಾಂದಿಗೂ ಜನವರಿಯಲ್ಲಿ 300 ಮಿಲಿಮೀಟರ್ ಮೀರಿ ಸುರಿಯುತ್ತದೆ. ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಬೆಟ್ಟದ ಮೇಲೆ ಗುಡುಗು, ಸಂಜೆ ರಸ್ತೆಯ ಮೇಲೆ ಮೊಣಕಾಲು ನೀರು. ನಾಂದಿ ಪೇಟೆಯ ಅಂಗಡಿಯವರಿಗೆ ನದಿ ಒಳಗೆ ಬಂದ ಗೆರೆ ಗೋಡೆಯ ಮೇಲೆ ಎಷ್ಟೆತ್ತರಕ್ಕಿತ್ತೆಂದು ಗೊತ್ತು. 2012ರಲ್ಲಿ ಜನವರಿಯಲ್ಲಿ ಒಮ್ಮೆ, ಮಾರ್ಚ್ ಕೊನೆಯಲ್ಲಿ ಇನ್ನೊಮ್ಮೆ, ಎರಡು ಸಲ ನೆರೆ ಬಂತು.

ಆದರೂ ಡಿಸೆಂಬರ್ ಎಂಥ ತಿಂಗಳು! ಗುಲ್‌ಮೊಹರ್ ಊರೂರಿನಲ್ಲಿ ಕೆಂಪು ಕೊಡೆ ಬಿಚ್ಚುತ್ತದೆ. ಮಾವು ಹಣ್ಣಾಗುತ್ತದೆ, ರಸ್ತೆಬದಿಯಲ್ಲಿ ಅನಾನಸಿನ ರಾಶಿ ಬೀಳುತ್ತದೆ. ಶಾಲೆಗಳಿಗೆ ರಜೆ, ಮಕ್ಕಳು ನದಿಯಲ್ಲೇ. ಪಂಚಾಂಗದಲ್ಲಿ ಇದು ನುಂಗ ಎಂಬ ಮೀನಿನ ತಿಂಗಳು. ಡಿಸೆಂಬರ್ ಸಣ್ಣ ನುಂಗ, ಜನವರಿ ದೊಡ್ಡ ನುಂಗ. ಮೀನು ತಂಡತಂಡವಾಗಿ ದಡದ ಹತ್ತಿರಕ್ಕೆ ಬರುತ್ತದೆ. ಹೊಟ್ಟೆಗೆ ಸಮೃದ್ಧಿ ತರುವ ಇದೇ ತಿಂಗಳುಗಳಲ್ಲಿ ಮುದುಕರು ಮರಗಳನ್ನು ಬೇರೆ ಕಣ್ಣಿನಿಂದ ನೋಡಲು ತೊಡಗುತ್ತಾರೆ. ದೀವಿಹಲಸಿನ ಒಂದೇ ತೊಟ್ಟಿಗೆ ಮೂರು ನಾಲ್ಕು ಕಾಯಿ ಕಚ್ಚಿದೆಯೇ? ಕಣಜ ತನ್ನ ಗೂಡನ್ನು ಕೊಂಬೆಯ ಮೇಲೆ ಕಟ್ಟದೆ ನೆಲದ ಹತ್ತಿರ ಕಟ್ಟಿದೆಯೇ? ಹಾಗಾದರೆ ಈ ವರ್ಷ ದಂಗಿಲಂಬ ಇದೆ. ದಂಗಿ ಎಂದರೆ ಗಾಳಿ, ಲಂಬ ಎಂದರೆ ಕೊಲೆ. ಚಂಡಮಾರುತಕ್ಕೆ ಅವರ ಶಬ್ದ ಕೊಲೆಗಾರ ಗಾಳಿ.

ನಾಂದಿಯ ಹವಾಮಾನ ಕೇಂದ್ರ ಈ ಭಾಗದ ಪೆಸಿಫಿಕ್ಕಿಗೆಲ್ಲ ಚಂಡಮಾರುತದ ಎಚ್ಚರಿಕೆ ಕೊಡುವ, ಅವುಗಳಿಗೆ ಹೆಸರಿಡುವ ಕೇಂದ್ರ. 2016ರ ಫೆಬ್ರವರಿಯಲ್ಲಿ ಅದು ಹಿಂಬಾಲಿಸುತ್ತಿದ್ದ ಸುಳಿಯ ಹೆಸರು ವಿನ್‌ಸ್ಟನ್. ಟೋಂಗಾದ ಕಡೆಗೆ ಹೋದದ್ದು ಇನ್ನು ದೂರವಾಯಿತು ಅನ್ನುವಷ್ಟರಲ್ಲಿ ಮಗ್ಗುಲು ಬದಲಿಸಿ ಪಶ್ಚಿಮಕ್ಕೆ, ಫಿಜಿಯ ಎದೆಗೆ ನೇರವಾಗಿ, ಮರಳಿತು. ಫೆಬ್ರವರಿ 20, ಶನಿವಾರ. ಮಧ್ಯಾಹ್ನ ಕೋರೋ ದ್ವೀಪ, ಸಂಜೆ ವಿತಿ ಲೇವುವಿನ ಉತ್ತರ ಕರಾವಳಿಯ ರಾಕಿರಾಕಿ. ಗಾಳಿಯ ವೇಗ ಗಂಟೆಗೆ 280 ಕಿಲೋಮೀಟರ್. ದಕ್ಷಿಣ ಗೋಳಾರ್ಧದಲ್ಲಿ ನೆಲಕ್ಕೆ ಅಪ್ಪಳಿಸಿದ, ದಾಖಲೆಯಲ್ಲಿರುವ ಚಂಡಮಾರುತಗಳಲ್ಲಿ ಅಷ್ಟು ಬಲದ್ದು ಇನ್ನೊಂದಿಲ್ಲ. ದೇಶಕ್ಕೆ ದೇಶವೇ ಕರ್ಫ್ಯೂ ಹಾಕಿಕೊಂಡು ಒಳಗೆ ಕೂತಿತು. ತಗಡಿನ ಮಾಡುಗಳು ಕಾಗದದಂತೆ ಹಾರಿದವು. 44 ಜನ ಸತ್ತರು, ಸಾವಿರಾರು ಮನೆಗಳು ನೆಲಸಮವಾದವು. ಮರುದಿನ ಬೆಳಕಾದಾಗ ಬೆಟ್ಟಗಳಲ್ಲಿ ಹಸುರೇ ಇರಲಿಲ್ಲ. ಗಾಳಿ ಒಂದೊಂದು ಎಲೆಯನ್ನೂ ಹರಿದು ಒಯ್ದಿತ್ತು. ಬೆಂಕಿ ಬಿದ್ದು ಸುಟ್ಟಂತೆ ಕಂದು ಬಣ್ಣದ ಬೋಳು ಮರಗಳು, ಮಳೆಗಾಲದ ನಡುಮಧ್ಯದಲ್ಲಿ. ರಾಕಿರಾಕಿಯ ಹಳೆಯ ಸಕ್ಕರೆ ಕಾರ್ಖಾನೆ ಆ ಹೊಡೆತದಿಂದ ಮತ್ತೆ ಏಳಲಿಲ್ಲ.

ಆ ಮಳೆಗಾಲದ ಹಿಂದಿನ ಕಥೆ ನಮಗೂ ಸಂಬಂಧಿಸಿದ್ದು. 2015ರಲ್ಲಿ ಪೆಸಿಫಿಕ್ಕಿನ ನಡುಭಾಗದ ನೀರು ಮಾಮೂಲಿಗಿಂತ ಕಾದಿತ್ತು. ಎಲ್ ನಿನೊ ಎಂದು ಕರೆಯುವ ಆ ಸ್ಥಿತಿಯಲ್ಲಿ ಮೋಡದ ಪಟ್ಟಿ ಫಿಜಿಯನ್ನು ಬಿಟ್ಟು ಈಶಾನ್ಯಕ್ಕೆ ದೂರ ಸರಿಯುತ್ತದೆ, ಪಶ್ಚಿಮದ ಕಬ್ಬು ನಿಂತಲ್ಲೇ ಒಣಗುತ್ತದೆ. ಅದೇ ವರ್ಷ ನಮ್ಮಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ ತಾಲ್ಲೂಕು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಆಚೆಈಚೆ ಇರುವ ಇಬ್ಬರು ಕಬ್ಬು ಬೆಳೆಗಾರರು, ಒಬ್ಬ ಬಾ ನದಿಯ ದಂಡೆಯವನು, ಒಬ್ಬ ಮಂಡ್ಯದವನು, ಒಂದೇ ಕಡಲಿನ ಬಿಸಿಗೆ ಆಕಾಶ ನೋಡುತ್ತಾ ಕೂತಿದ್ದರು. ಅವರಿಗೆ ಒಬ್ಬರಿಗೊಬ್ಬರ ಹೆಸರು ಗೊತ್ತಿಲ್ಲ. ಆ ನೀರು ಇನ್ನೂ ಕಾದಿದ್ದಾಗಲೇ ವಿನ್‌ಸ್ಟನ್ ಬಂದದ್ದು.

ಹಳೆಯ ಪಂಚಾಂಗದಲ್ಲಿ ಫೆಬ್ರವರಿಯ ಹೆಸರು ವುಲ ಇ ಸೆವು. ಸೆವು ಎಂದರೆ ಹೊಸ ಬೆಳೆಯ ಮೊದಲ ಹೆಗ್ಗೆಣಸನ್ನು ಊರ ಒಡೆಯನಿಗೂ ಇಗರ್ಜಿಗೂ ಒಪ್ಪಿಸುವುದು. ಕೊಲೆಗಾರ ಗಾಳಿಯ ನಟ್ಟನಡುವಿನ ತಿಂಗಳಿಗೆ ಕಾಣಿಕೆಯ ಹೆಸರು ಹೇಗೆ ಬಂತು ಎಂದು ಮೊದಲು ನನಗೆ ಅಚ್ಚರಿಯಾಗಿತ್ತು. ಯೋಚಿಸಿದಾಗ ಹೊಳೆದದ್ದು ಇಷ್ಟು. ಗಾಳಿ ದೀವಿಹಲಸನ್ನು ಉದುರಿಸಬಹುದು, ಬಾಳೆಯನ್ನು ಮುರಿಯಬಹುದು, ತೆಂಗಿನ ತಲೆ ಹಾರಿಸಬಹುದು. ಮಣ್ಣಿನೊಳಗೆ ಆಗಲೇ ಬಲಿತ ಗೆಣಸಿಗೆ ಅದರ ಕೈ ಎಟುಕುವುದಿಲ್ಲ. ಮೇಲಿನ ಬಳ್ಳಿ ಹರಿದುಹೋದರೂ ಗೆಡ್ಡೆ ಅಲ್ಲೇ ಇರುತ್ತದೆ. ಜುಲೈನ ತಂಪಿನಲ್ಲಿ ಅಗೆದು ಇಟ್ಟದ್ದು ಫೆಬ್ರವರಿಯ ಬಿರುಗಾಳಿಯ ಮರುದಿನಕ್ಕೆ ಅನ್ನ.

ಮಾರ್ಚ್ ವುಲ ಇ ಕೆಲಿಕೆಲಿ, ಗೆಣಸನ್ನು ಅಗೆದು ತೆಗೆದು ಗುಡಿಸಲಿನಲ್ಲಿ ಕೂಡಿಡುವ ತಿಂಗಳು. ಸುವಾದಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದೂ ಈ ತಿಂಗಳಲ್ಲೇ. ಹೊರಗೆ ಮಳೆ, ಒಳಗೆ ಹಸಿಮಣ್ಣು ಮೆತ್ತಿದ ಉದ್ದುದ್ದನೆಯ ಗೆಡ್ಡೆಗಳು ಅಟ್ಟಣೆಯ ಮೇಲೆ ಒಂದರ ಪಕ್ಕ ಒಂದು. ಬಿತ್ತನೆಗೆ ಬೇಕಾದುವನ್ನು ಬೇರೆ ತೆಗೆದಿಡುತ್ತಾರೆ. ಏಪ್ರಿಲ್ ವುಲ ಇ ಗಸೌ, ಗುಡ್ಡದ ಜೊಂಡು ಹೊಸದಾಗಿ ಚಿಗುರುವ ತಿಂಗಳು. ಮೇ ತಿಂಗಳು ದೋಯಿ ಮರ ಹೂಬಿಡುವ ತಿಂಗಳು. ಆಗ್ನೇಯದ ಗಾಳಿ ಮತ್ತೆ ಎದ್ದಿದೆ. ಮೊದಲು ಸಂಜೆಗಳಲ್ಲಿ, ಆಮೇಲೆ ಹಗಲಲ್ಲೂ. ಸಿಂಗತೋಕದ ತಿರುವಿನಲ್ಲಿ ಹುಲ್ಲಿನ ತುದಿ ಹಳದಿಯಾಗಿದೆ. ಪಶ್ಚಿಮಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಹೆಂಗಸು ಒಂದು ಕೈಯಲ್ಲಿ ಮಡಿಲ ಮೇಲಿನ ಗೆಣಸಿನ ಚೀಲ ಹಿಡಿದುಕೊಂಡು, ಇನ್ನೊಂದು ಕೈಯಿಂದ ಒದ್ದೆ ಟಾರ್ಪಾಲನ್ನು ಸುತ್ತಿ ಮೇಲೆ ಕಟ್ಟುತ್ತಿದ್ದಾಳೆ.